ನರ್ಸಿಂಗ್ ಕರಿಯರ್ ಗೈಡೆನ್ಸ್: ಮೊದಲ ಸಿಟ್ಟಿಂಗ್ ಬೇಡ, ಎರಡನೆಯದು ಬಿಡಬೇಡಿ

ನಾನು ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಊರು ತರೀಕೆರೆ ಕಡೆ, ಓದು ಬೆಂಗಳೂರಿನಲ್ಲಿ. ನಮ್ಮ ಹಾಸ್ಟೆಲ್ ಹುಡುಗಿಯರು ಸುಮಾರು ಜನ ಹೋಗುವ ಒಂದು ಕರಿಯರ್ ಗೈಡೆನ್ಸ್ ಸೆಂಟರ್‌ಗೆ ನಾನೂ ಹೋಗಿಬಂದೆ. ಹೆಸರು ಹಾಕುವುದಿಲ್ಲ, ಏಕೆಂದರೆ ಇದರಲ್ಲಿ ಬೈಗುಳವೂ ಇದೆ.

ಫೀಸ್ 2,500 ರೂಪಾಯಿ, ಎರಡು ಸಿಟ್ಟಿಂಗ್. ಮೊದಲನೆಯದು ಅವರ ಕೌನ್ಸೆಲರ್ ಜೊತೆ. ಎರಡನೆಯದು ಕೆಲಸದಲ್ಲಿರುವ ಸೀನಿಯರ್ ನರ್ಸ್ ಜೊತೆ.

ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಎಸಿ ರೂಮು, ಗೋಡೆ ತುಂಬ ಬೇರೆ ಬೇರೆ ದೇಶದ ಬಾವುಟ. ನಾನು ಸರಿಯಾಗಿ ಕೂರುವ ಮೊದಲೇ ಕೌನ್ಸೆಲರ್ ಹುಡುಗ "ಜರ್ಮನಿ ಟ್ರೈ ಮಾಡ್ತೀರಾ ಮೇಡಂ?" ಅಂದ. ಜರ್ಮನ್ ಕ್ಲಾಸ್ ಅವರದ್ದೇ, ಅದೇ ಬಿಲ್ಡಿಂಗ್‌ನ ಮೇಲಿನ ಮಹಡಿಯಲ್ಲಿ! ಜರ್ಮನಿ ಕೆಟ್ಟ ದಾರಿ ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ನರ್ಸ್ ಅಂತ ಪೂರ್ತಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು. ಎ1, ಎ2, ಬಿ1 ಎಲ್ಲ ದಾಟಿದ ಮೇಲೆ ಬರುವುದು ಅದು. ಈತ ಆರು ತಿಂಗಳು ಸಾಕು ಅಂದುಬಿಟ್ಟ. ಬೆಳಗ್ಗೆ ವಾರ್ಡಿನಲ್ಲಿ ಪೋಸ್ಟಿಂಗ್, ಮಧ್ಯಾಹ್ನ ಥಿಯರಿ, ರಾತ್ರಿ ಕೂತು ಕೇರ್ ಪ್ಲಾನ್ ಬರೆಯುವವಳಿಗೆ ಆರು ತಿಂಗಳಂತೆ.

"ನನಗೆ ಎಕ್ಸ್‌ಪೀರಿಯೆನ್ಸೇ ಇಲ್ವಲ್ಲ" ಅಂದೆ. "ಅದನ್ನ ನಾವು ನೋಡ್ಕೋತೀವಿ ಬಿಡಿ" ಅಂದ. ಹೇಗೆ ಅಂತ ಕೇಳಿದರೆ ಬರೀ ನಗು. ಇದು ನನಗೆ ಸರಿ ಬರಲಿಲ್ಲ. ಗಲ್ಫ್ ದೇಶಗಳಿಗೆ ಹೋಗುವವರ ಡಿಗ್ರಿ, ರಿಜಿಸ್ಟ್ರೇಷನ್, ಅನುಭವದ ಪತ್ರ ಇವನ್ನೆಲ್ಲ ಡೇಟಾಫ್ಲೋ ಅನ್ನುವ ಪರಿಶೀಲನಾ ಕಂಪನಿಯ ಮೂಲಕ, ಕೊಟ್ಟವರ ಹತ್ತಿರವೇ ಕೇಳಿ ಪರಿಶೀಲಿಸುತ್ತಾರೆ. ಸುಳ್ಳು ಲೆಟರ್ ಇಟ್ಟು ಸಿಕ್ಕಿಬಿದ್ದರೆ ಏಜೆಂಟ್‌ಗೆ ಏನೂ ಆಗುವುದಿಲ್ಲ, ಮಣ್ಣುಪಾಲಾಗುವುದು ನಮ್ಮ ಓದು. ಕೊನೆಗೆ ಒಂದು ಲಕ್ಷ ಚಿಲ್ಲರೆಯ ಪ್ಯಾಕೇಜ್ ಮುಂದಿಟ್ಟ. ಅದರಲ್ಲಿ ಕ್ಲಾಸಿಗೆಷ್ಟು, ಸರ್ವಿಸ್ ಚಾರ್ಜ್ ಎಷ್ಟು ಅಂತ ಬಿಡಿಸಿ ಹೇಳಲೇ ಇಲ್ಲ. ಈ ಸಿಟ್ಟಿಂಗ್‌ಗೆ ಒಂದು ಸ್ಟಾರ್, ಅದೂ ಕಾಫಿ ಕೊಟ್ಟಿದ್ದಕ್ಕೆ.

ಎರಡನೆಯದು ಬೇರೆಯೇ ಲೋಕ. ಬಂದವರು ದೊಡ್ಡ ಆಸ್ಪತ್ರೆಯೊಂದರ ಐಸಿಯು ಇನ್‌ಚಾರ್ಜ್ ಸಿಸ್ಟರ್. ವಾರದ ರಜೆಯಲ್ಲಿ ಇಲ್ಲಿಗೆ ಬರುತ್ತಾರೆ. ಲ್ಯಾಪ್‌ಟಾಪ್ ಇಲ್ಲ, ಸ್ಲೈಡ್ ಇಲ್ಲ. "ಲಾಗ್ ಬುಕ್ ಇದ್ಯೇನಮ್ಮ?" ಅಂತಲೇ ಶುರು ಮಾಡಿದರು. ಪೋಸ್ಟಿಂಗ್‌ನಿಂದ ನೇರ ಹೋಗಿದ್ದೆ, ಬ್ಯಾಗಿನಲ್ಲಿತ್ತು. ವಾರ್ಡಿನಲ್ಲಿ ಕಲಿತ ಒಂದೊಂದು ಕೆಲಸವನ್ನೂ ಬರೆದು ಸಹಿ ಹಾಕಿಸುವ ಪುಸ್ತಕ ಅದು.

ಪೆನ್ಸಿಲ್ ಹಿಡಿದು ಒಂದೊಂದೇ ಪುಟ ತಿರುವಿದರು. ಪ್ರತಿ ಎಂಟ್ರಿಗೂ ಒಂದೇ ಪ್ರಶ್ನೆ: "ಇದು ನೀನು ಮಾಡಿದ್ದಾ, ನಿಂತು ನೋಡಿದ್ದಾ?" ಮಾಡಿದ್ದಕ್ಕೆ ಟಿಕ್, ನೋಡಿದ್ದಕ್ಕೆ ಚುಕ್ಕೆ. ಕ್ಯಾನುಲಾ ಹಾಕಿದ್ದು, ಟಿಕ್. ಮೂಗಿನಿಂದ ಹೊಟ್ಟೆಗೆ ಹಾಕುವ ರೈಲ್ಸ್ ಟ್ಯೂಬ್, ಟಿಕ್. ಕ್ಯಾಥೆಟರ್, ಚುಕ್ಕೆ. ಸಕ್ಷನ್, ಚುಕ್ಕೆ. ಸಹಿ ಎಲ್ಲದಕ್ಕೂ ಇದೆ, ಸಹಿ ನೋಡಿದರೆ ನಾನು ಎಲ್ಲ ಕಲಿತವಳೇ. ಮೆಡಿಕಲ್ ವಾರ್ಡಿನ ಪುಟಗಳಲ್ಲಿ ಟಿಕ್ ಜಾಸ್ತಿ. ಐಸಿಯು ಪುಟಗಳಲ್ಲಿ ಬರೀ ಚುಕ್ಕೆ. ಅಲ್ಲಿ ಸ್ಟೂಡೆಂಟ್‌ಗಳನ್ನು ಗೋಡೆ ಪಕ್ಕ ನಿಲ್ಲಿಸುತ್ತಾರೆ, ನರ್ಸಿಂಗ್ ಓದಿದವರಿಗೆ ಗೊತ್ತಿರುತ್ತೆ ಅಲ್ವಾ. "ಅನುಭವ ಇಲ್ಲ ಅಂತೀಯಲ್ಲ, ಎಲ್ಲೆಲ್ಲಿ ಇಲ್ಲ ಅಂತ ಈಗ ಕಾಣ್ತಾ?" ಅಂದರು. ಇಂಟರ್ನ್‌ಶಿಪ್ ಮುಗಿಯುವುದರೊಳಗೆ ಯಾವ ಚುಕ್ಕೆಗಳು ಟಿಕ್ ಆಗಬೇಕು, ಅದಕ್ಕೆ ಯಾವ ಪೋಸ್ಟಿಂಗ್ ಕೇಳಬೇಕು ಅಂತ ಅಲ್ಲೇ ಬರೆಸಿದರು.

ಆಮೇಲೆ ಮಾತು ನಾರ್ಸೆಟ್ ಕಡೆ ತಿರುಗಿತು. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ಪರೀಕ್ಷೆ ಇದು. ಬಿಎಸ್ಸಿ ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದವರಿಗೆ ಅನುಭವ ಕೇಳುವುದಿಲ್ಲ. ಜಿಎನ್ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಆದವರಿಗೆ ಮಾತ್ರ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಕೆಲಸ ಬೇಕು. ಪ್ರಿಲಿಮ್ಸ್‌ನಲ್ಲಿ 100 ಪ್ರಶ್ನೆ, 80 ನರ್ಸಿಂಗ್‌ದು, ಉಳಿದದ್ದು ಸಾಮಾನ್ಯ ಜ್ಞಾನ ಮತ್ತು ಆಪ್ಟಿಟ್ಯೂಡ್. ತಪ್ಪು ಉತ್ತರಕ್ಕೆ ಮೂರರಲ್ಲೊಂದು ಅಂಕ ಕಟ್. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಶುರುವಿನ ಮೂಲ ವೇತನ 44,900. ನಾನು ಖುಷಿಯಲ್ಲಿ ತಲೆ ಆಡಿಸುತ್ತಿದ್ದೆ. ಸಿಸ್ಟರ್ "ದೇವಘರ್ ಬಂದ್ರೆ ಹೋಗ್ತೀಯಾ? ರಾಯ್‌ಬರೇಲಿ? ಮನೇಲಿ ಕೇಳಿದ್ದೀಯಾ?" ಅಂದರು. ಅವು ಜಾರ್ಖಂಡ್, ಉತ್ತರ ಪ್ರದೇಶದಲ್ಲಿ ಏಮ್ಸ್ ಇರುವ ಊರುಗಳು. ಕರ್ನಾಟಕದಲ್ಲಿ ಏಮ್ಸ್ ಇಲ್ಲ, ರಾಯಚೂರಿನವರು ಕೇಳಿ ಕೇಳಿ ಸಾಕಾಗಿದ್ದಾರೆ. ಹಾಗಾಗಿ ಈ ಪ್ರಶ್ನೆಯನ್ನು ಮೊದಲು ಅಪ್ಪ ಅಮ್ಮನ ಹತ್ತಿರ ಇತ್ಯರ್ಥ ಮಾಡಿಕೊಂಡು ಆಮೇಲೆ ಪುಸ್ತಕ ತಗೋ ಅಂದರು.

ಪ್ರೈವೇಟ್ ಆಸ್ಪತ್ರೆಯ ಇಂಟರ್‌ವ್ಯೂನಲ್ಲಿ ಫ್ರೆಶರ್ ಏನು ಕೇಳಬೇಕು ಅನ್ನುವುದೂ ಬಂತು. ಕೆಲಸ ಕಲಿಸಲು ಜೊತೆಗೆ ಸೀನಿಯರ್ ಇರ್ತಾರಾ? ಎಷ್ಟು ದಿನ? ನೈಟ್‌ನಲ್ಲಿ ಒಬ್ಬಳಿಗೆ ಎಷ್ಟು ಪೇಷೆಂಟ್? ಇಷ್ಟು ದಿನ ಕೆಲಸ ಬಿಡುವಂತಿಲ್ಲ ಅನ್ನೋ ಬಾಂಡ್ ಇದ್ಯಾ? ಸಂಬಳದ ಮಾತು ಇವೆಲ್ಲ ಆದಮೇಲೆ. ಒರಿಜಿನಲ್ ಸರ್ಟಿಫಿಕೇಟ್ ತೋರಿಸಿ ವಾಪಸ್ ತಗೊಂಡು ಬಾ, ಇಟ್ಕೋತೀವಿ ಅಂದ್ರೆ ಎದ್ದು ಬಾ ಅಂದರು. ವಿದೇಶದ ಆಸೆ ಇದ್ದರೆ ಏಜೆನ್ಸಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದ್ಯಾ ಅಂತ ನೋಡಬೇಕು. ಅಂಥವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅಷ್ಟೇ. ಇದನ್ನು ಆ ಕೌನ್ಸೆಲರ್ ಹುಡುಗನ ಗೋಡೆಯಾಚೆ ಕೂತು ಹೇಳಿದರು ನೋಡಿ, ನನಗೆ ನಗು ತಡೆಯಲಾಗಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಗಂಟೆ ಆಗುತ್ತಿದ್ದಂತೆ ರಿಸೆಪ್ಷನ್‌ನವರು ಬಾಗಿಲು ತಟ್ಟಿದರು, ಎಂಎಸ್ಸಿ ಬಗ್ಗೆ ಕೇಳುವುದು ಹಾಗೇ ಉಳಿಯಿತು. ಕೊನೆಗೆ ಕೊಟ್ಟ ಪ್ರಿಂಟೆಡ್ 'ಪರ್ಸನಲ್ ಪ್ಲಾನ್' ನನ್ನ ಜಿಎನ್ಎಂ ರೂಮ್‌ಮೇಟ್‌ಗೆ ಕೊಟ್ಟಿದ್ದರ ಜೆರಾಕ್ಸ್. ಎರಡು ವರ್ಷದ ಅನುಭವ ಇಲ್ಲದ ಅವಳಿಗೂ ನಾರ್ಸೆಟ್ ಈ ವರ್ಷವೇ ಬರಿ ಅಂತಿದೆ! ನಾನು ಇಟ್ಟುಕೊಂಡಿರುವುದು ಪೆನ್ಸಿಲ್ ಗುರುತಿನ ಲಾಗ್ ಬುಕ್ ಮಾತ್ರ. ಜರ್ಮನ್ ಕ್ಲಾಸಿನ ಫೋನು ಈಗಲೂ ಬರುತ್ತಿದೆ, ಬೇರೆ ಬೇರೆ ನಂಬರ್‌ನಿಂದ.

ಪೂರ್ತಿ 2,500 ಕೊಡಬೇಡಿ. ಸಿಸ್ಟರ್ ಸಿಟ್ಟಿಂಗ್ ಒಂದೇ ಸಾಕು ಅಂದರೆ 1,500ಕ್ಕೆ ಕೊಡುತ್ತಾರೆ. ಬೋರ್ಡಿನಲ್ಲಿ ಬರೆದಿಲ್ಲ, ಬಾಯಿಬಿಟ್ಟು ಕೇಳಬೇಕು.