ಕೆಲಸದ ಮೇಜಿಗೆ ಹಾರ್ಡ್‌ಬೋರ್ಡ್ ಹೊದಿಕೆ: ನಾಲ್ಕು ಮಳೆಗಾಲದ ನಂತರ

ನಮ್ಮ ಹಳೆ ಮನೆಯ ಅಟ್ಟ ಬಿಚ್ಚಿದಾಗ ಮತ್ತಿ ಮರದ ಮೂರು ಹಲಗೆ ಸಿಕ್ಕಿದ್ದವು. ಒಂದೊಂದೂ ಎರಡಿಂಚು ದಪ್ಪ. ಊರಿನ ಆಚಾರರಿಂದ ಅವನ್ನು ಕೂಡಿಸಿ, 6 ಅಡಿ ಉದ್ದ 2 ಅಡಿ ಅಗಲದ ಕೆಲಸದ ಮೇಜು ಮಾಡಿಸಿಕೊಂಡೆ. ಹಿತ್ತಿಲ ಕೊಟ್ಟಿಗೆಯ ಅರ್ಧ ಭಾಗ ಈಗ ನನ್ನ ಕಾರ್ಖಾನೆ. ಶಾಲೆ ಮುಗಿಸಿ ಬಂದ ಮೇಲೆ ಮಣೆ, ಸ್ಟೂಲು, ಪುಸ್ತಕದ ಕಪಾಟು ಇಂಥವನ್ನು ಮಾಡುತ್ತೇನೆ.

ಅಷ್ಟು ಒಳ್ಳೆ ಮರ ಹಾಳಾಗಬಾರದು ಎಂದು ಮೊದಲ ವರ್ಷವೇ ಪಾಲಿಯುರೆಥೇನ್ ವಾರ್ನಿಶ್ ಮೂರು ಕೋಟ್ ಹೊಡೆದೆ. ನೋಡಲು ಚೆಂದವಿತ್ತು. ಆದರೆ ಕೀಸುಳಿ ಹಿಡಿದು ತಳ್ಳಿದರೆ ಹಲಗೆ ಮುಂದಕ್ಕೆ ಜಾರುತ್ತಿತ್ತು. ಫೆವಿಕಾಲ್ ಬಿದ್ದು ಒಣಗಿದರೆ, ಕೆರೆಯುವಾಗ ವಾರ್ನಿಶ್ ಚಕ್ಕೆ ಸಮೇತ ಎದ್ದು ಬರುತ್ತಿತ್ತು. ಕಿತ್ತ ಜಾಗಕ್ಕೆ ಮಳೆಗಾಲದಲ್ಲಿ ತೇವ ಹೊಕ್ಕಿತು. ಒದ್ದೆ ಕ್ಲ್ಯಾಂಪ್ ಒಂದು ರಾತ್ರಿ ಅಲ್ಲೇ ಉಳಿದಿದ್ದಕ್ಕೆ ಮರದ ಮೇಲೆ ಇದ್ದಿಲಿನಂಥ ಕಪ್ಪು ಗುರುತು ಬಿತ್ತು. ಮತ್ತಿಯಲ್ಲಿ ಒಗರು ಜಾಸ್ತಿ. ಕಬ್ಬಿಣ, ನೀರು, ಒಗರು ಮೂರೂ ಸೇರಿದರೆ ಶಾಯಿಯೇ ಆಗುತ್ತದೆ. ಆಚಾರರು ಬಂದವರು ಕೈಯಿಂದ ಸವರಿ ನೋಡಿ, "ಮಾಷ್ಟ್ರೇ, ಮರ ಹಿಡಿದುಕೊಳ್ಳೋ ಮೇಜು ಬೇಕು, ಜಾರಿಸೋ ಮೇಜಲ್ಲ" ಅಂದರು. ಆ ಮಾತು ಈಗಲೂ ಕಿವಿಯಲ್ಲಿದೆ.

ವಾರ್ನಿಶ್ ಪೂರ್ತಿ ಕೀಸಿ ತೆಗೆದೆ. ಬರಿ ಮರಕ್ಕೆ ಅಗಸೆ ಎಣ್ಣೆ ಕುಡಿಸಿದೆ. ಅದರ ಮೇಲೆ 3 ಮಿಲಿಮೀಟರ್ ದಪ್ಪದ ಹಾರ್ಡ್‌ಬೋರ್ಡ್ ಹಾಳೆ ಹಾಸಿದೆ. ನಾಲ್ಕು ಮಳೆಗಾಲ ಕಳೆದಿವೆ. ಈ ಜೋಡಿಯ ಬಗ್ಗೆಯೇ ಈ ವಿಮರ್ಶೆ.

ಹಾರ್ಡ್‌ಬೋರ್ಡ್ ಅಂದರೆ ಕಂದು ಬಣ್ಣದ, ಒಂದು ಕಡೆ ನುಣುಪು, ಇನ್ನೊಂದು ಕಡೆ ಜಾಲರಿ ಗುರುತಿರುವ ತೆಳು ಹಲಗೆ. ಹಳೆ ರೇಡಿಯೋ ಹಿಂಭಾಗದಲ್ಲಿ ನೋಡಿರುತ್ತೀರಿ. 1924ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಲಾರೆಲ್ ಎಂಬ ಊರಿನಲ್ಲಿ ವಿಲಿಯಂ ಮೇಸನ್ ಎಂಬುವರು ಇದನ್ನು ಕಂಡುಹಿಡಿದರು. ಅದಕ್ಕೇ ಮೇಸನೈಟ್ ಎಂಬ ಹೆಸರೂ ಇದೆ. ಮರದ ನಾರನ್ನು ಬಿಸಿ ಮಾಡಿ ಜೋರಾಗಿ ಅದುಮುತ್ತಾರೆ. ಮರದೊಳಗಿನ ಲಿಗ್ನಿನ್ನೇ ಅಂಟಿನಂತೆ ನಾರನ್ನು ಹಿಡಿದಿಡುತ್ತದೆ. ನೀರು ಇಳಿದುಹೋಗಲೆಂದು ಅಡಿಗೆ ಜಾಲರಿ ಇಡುತ್ತಾರೆ, ಹಿಂಭಾಗದ ಗುರುತು ಅದರದ್ದೇ.

ನನಗೆ ಇದು ಹಿಡಿಸಿದ್ದು ಮೂರು ಕಾರಣಕ್ಕೆ ಎನ್ನಬಹುದು, ಆದರೆ ನಿಜವಾದ ಕಾರಣ ಒಂದೇ. ಇದು ಹಾಳಾದರೆ ಹೊಟ್ಟೆ ಉರಿಯುವುದಿಲ್ಲ. ಉಳಿ ಜಾರಿ ಗೀರಿದರೆ ಗೀರಲಿ. ಡ್ರಿಲ್ ಆಚೆ ಬಂದು ತೂತಾದರೆ ಆಗಲಿ. 8 ಅಡಿ 4 ಅಡಿ ಹಾಳೆಯೊಂದರಲ್ಲಿ ನನ್ನ ಮೇಜಿಗೆ ಎರಡು ಹೊದಿಕೆ ಆಗುತ್ತವೆ, 4 ಅಡಿಗೆ 2 ಅಡಿಯ ಒಂದು ತುಂಡು ಮಿಗುತ್ತದೆ. ಹೋದ ಸಲ ಹಾಳೆಗೆ ನಾನು ಕೊಟ್ಟಿದ್ದು 600 ರೂಪಾಯಿ. ಒಂದು ಬದಿ ಸವೆದರೆ ತಿರುಗಿಸಿ ಹಾಕಬಹುದು, ಜಾಲರಿ ಬದಿ ಹಲಗೆಯನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ತೆಗೆದ ಹಾಳೆಯಿಂದ ಅಳತೆಯ ಅಚ್ಚು ಕತ್ತರಿಸಿಕೊಳ್ಳುತ್ತೇನೆ.

ಮೊದಲ ಮಳೆಗಾಲದಲ್ಲಿ ಮಾತ್ರ ನನ್ನಿಂದ ದೊಡ್ಡ ತಪ್ಪಾಯಿತು. ಸುತ್ತಲೂ ಹನ್ನೆರಡು ಸ್ಕ್ರೂ ಬಿಗಿದಿದ್ದೆ. ನಮ್ಮ ಸಾಗರದ ಕಡೆಯ ಮಳೆ ಗೊತ್ತಲ್ಲ, ಆಷಾಢದಲ್ಲಿ ಹಪ್ಪಳವೂ ಮೆತ್ತಗಾಗುತ್ತದೆ. ತೇವ ಕುಡಿದ ಹಾಳೆ ಹಿಗ್ಗಿತು. ಬದಿಗೆ ಹೋಗಲು ಜಾಗವಿಲ್ಲದೆ ನಡುವೆ ಉಬ್ಬಿ ನಿಂತಿತು. ಅದರ ಮೇಲೆ ನೆಟ್ಟಗೆ ಏನನ್ನೂ ಜೋಡಿಸಲು ಆಗಲಿಲ್ಲ. ಈಗ ಹೀಗೆ ಮಾಡುತ್ತೇನೆ. ಹಾಕುವ ಎರಡು ದಿನ ಮೊದಲು ಹಿಂಭಾಗಕ್ಕೆ ನೀರು ಸವರಿ ಮಟ್ಟಸವಾಗಿ ಮಲಗಿಸಿಡುತ್ತೇನೆ. ಹಿಗ್ಗುವಷ್ಟೂ ಆಗಲೇ ಹಿಗ್ಗಲಿ ಎಂದು. ಮೇಜಿನ ಅಂಚಿಗೆ ತೆಳು ಪಟ್ಟಿ ಹೊಡೆದು, ಪಟ್ಟಿಗೂ ಹಾಳೆಗೂ ನಡುವೆ 3 ಮಿಲಿಮೀಟರ್ ಸಂದು ಬಿಡುತ್ತೇನೆ. ಸ್ಕ್ರೂ ಎರಡೇ, ಅದೂ ಗೋಡೆ ಕಡೆಯ ಅಂಚಿಗೆ. ತಲೆ ಪೂರ್ತಿ ಒಳಗೆ ಮುಳುಗಿರಬೇಕು, ಇಲ್ಲದಿದ್ದರೆ ಉಳಿಯ ಬಾಯಿ ಹೋದ ಹಾಗೆ. ಆಮೇಲೆ ಉಬ್ಬಿಲ್ಲ.

ಹಾಳೆಯ ನುಣುಪು ಬದಿಗೆ ಜೇನುಮೇಣ ತೆಳ್ಳಗೆ ಉಜ್ಜುತ್ತೇನೆ. ಫೆವಿಕಾಲ್ ಒಣಗಿದ ಮೇಲೆ ಉಗುರಿನಿಂದಲೇ ಎದ್ದು ಬರುತ್ತದೆ. ಆದರೆ ಎಲ್ಲ ಕಡೆ ಬೇಡ. ಮೇಣ ಹತ್ತಿದ ಮರಕ್ಕೆ ಪಾಲಿಶ್ ಕೂರುವುದಿಲ್ಲ. ಅಂಟಿನ ಕೆಲಸಕ್ಕೆ ಬಲಗಡೆಯ ಒಂದು ಮೂಲೆ ಮೀಸಲಿಟ್ಟಿದ್ದೇನೆ. ವಾರ್ನಿಶ್ ಡಬ್ಬಿ ಇಡಲು ಒತ್ತಿಟ್ಟು ಚಪ್ಪಟೆ ಮಾಡಿದ ಅಡಿಕೆ ಹಾಳೆ ಸಾಕು, ಕೆಲಸ ಮುಗಿದ ಮೇಲೆ ತಿಪ್ಪೆಗೆ.

ಕೆಳಗಿನ ಮತ್ತಿಗೆ ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ, ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಎಂದು ಸಿಗುವ ಅಗಸೆ ಎಣ್ಣೆ. ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ತೆಳ್ಳಗೆ ಸವರಿ, ಇಪ್ಪತ್ತು ನಿಮಿಷ ಬಿಟ್ಟು, ಮಿಕ್ಕಿದ್ದನ್ನು ಪೂರ್ತಿ ಒರೆಸಬೇಕು. ಒರೆಸದೆ ಬಿಟ್ಟರೆ ಅಂಟಂಟಾಗಿ ದೂಳು ಕೂರುತ್ತದೆ. ಈಗ ಒಂದು ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. ಈ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಗೆ ಹೋಗದೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಕಡ್ಡಿ ಗೀರುವುದೇ ಬೇಡ. ನಮ್ಮ ಕೊಟ್ಟಿಗೆಯ ಇನ್ನರ್ಧದಲ್ಲಿ ಹುಲ್ಲಿದೆ, ಹಸುಗಳಿವೆ. ನಾನು ಬಟ್ಟೆಯನ್ನು ಅಂಗಳದ ತಂತಿಗೆ ಒಂದೊಂದಾಗಿ ಹರವುತ್ತೇನೆ. ಪೂರ್ತಿ ಗಟ್ಟಿಯಾಗುವ ತನಕ ಅಲ್ಲೇ ಇರಬೇಕು.

ಬೇರೆಯವೂ ನೋಡಿದ್ದೇನೆ. ಸನ್‌ಮೈಕಾ ಒರೆಸಲು ಸುಲಭ, ಆದರೆ ವಾರ್ನಿಶ್‌ನಷ್ಟೇ ಜಾರುತ್ತದೆ, ಅಂಚು ಚಕ್ಕೆ ಏಳುತ್ತದೆ. ಕಪ್ಪು ರಬ್ಬರ್ ಮ್ಯಾಟ್ ಬಿಳಿ ಮರಕ್ಕೆ ಮಸಿ ಹಚ್ಚಿತು. ಮರದ ನಾರಿಗೆ ಅಂಟು ಬೆರೆಸಿ ಒತ್ತಿದ ಎಂಡಿಎಫ್ ಹಲಗೆ ಮಟ್ಟಸವಾಗಿರುತ್ತದೆ, ಅಂಚಿಗೆ ನೀರು ತಾಗಿದರೆ ಬ್ರೆಡ್ಡಿನಂತೆ ಊದುತ್ತದೆ.

ಕಬ್ಬಿಣದ ಕೆಲಸ, ವೆಲ್ಡಿಂಗ್, ಮೋಟಾರ್ ರಿಪೇರಿ ಮಾಡುವವರಿಗೆ ಹಾರ್ಡ್‌ಬೋರ್ಡ್ ಬೇಡ. ಕಿಡಿ ಬಿದ್ದರೆ ಸುಡುತ್ತದೆ, ಆಯಿಲ್ ಹೀರುತ್ತದೆ. ಅವರಿಗೆ ತಗಡಿನ ಹೊದಿಕೆಯೇ ಸರಿ. ಮರಗೆಲಸ ಮಾಡುವವರಿಗೆ ನಾನು ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಕಳೆದಿದ್ದು ಮಳೆಗಾಲದ ತಲೆಬಿಸಿಗೆ.

ಈಗ ಇರುವ ಹಾಳೆಯನ್ನು ತಿರುಗಿಸಿಯೂ ಆಯಿತು, ನಡುವೆ ಉಳಿಯ ಗುರುತು ತುಂಬಿದೆ. ಅದರ ಜೊತೆಗೇ ಕತ್ತರಿಸಿದ ಇನ್ನೊಂದು ಹೊದಿಕೆ ಬಾಗಿಲ ಹಿಂದೆ ನಿಂತಿದೆ. ಮಳೆ ಹಿಂದಾದ ಮೇಲೆ ಹಳೆಯದನ್ನು ಎತ್ತಿ, ಮತ್ತಿಗೆ ಎಣ್ಣೆ ಕುಡಿಸಿ, ಅದನ್ನು ಹಾಸುತ್ತೇನೆ.