ಮೋನೋ ಆಂಪ್ ಅಂತ ಕೊಟ್ಟರೆ ಮೊದಲು ಅದರ ಹಿಂಭಾಗ ನೋಡಿ

ಮನೆಯ ಹೈ-ಫೈ ಸೆಟ್ಟಿಗೆ ಆಂಪ್ (ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ಕೊಳ್ಳಬೇಕು ಅಂತಿರುವವರು ದಯವಿಟ್ಟು ಓದಿ. ನನ್ನ 76,000 ರೂಪಾಯಿ ಹೋಗಿದೆ. ಕಾಫಿ ಮಾರಿದ ದುಡ್ಡು.

ಗೋಣಿಕೊಪ್ಪದ ಹತ್ತಿರ ನಮ್ಮ ಮನೆ. ಹಾಲ್ 12ಕ್ಕೆ 14 ಅಡಿ. ಇಷ್ಟಕ್ಕೆ ಎರಡೂ ಸ್ಪೀಕರ್ ನಡೆಸುವ ಒಂದು ಸ್ಟೀರಿಯೋ ಆಂಪ್ ಧಾರಾಳ ಅಂತ ಭಾವ ಹೇಳಿದ್ದರು. ನಾನು ಕೇಳಲಿಲ್ಲ. ಮೈಸೂರಿನ ಅಂಗಡಿಯವನು, "ಸ್ಟೀರಿಯೋದಲ್ಲಿ ಎರಡೂ ಸ್ಪೀಕರ್ ಒಂದೇ ಟ್ರಾನ್ಸ್‌ಫಾರ್ಮರ್ ಹಂಚಿಕೊಳ್ಳಬೇಕು ಸಾರ್. ಮೋನೋ ಹಾಕಿ, ಒಂದೊಂದು ಸ್ಪೀಕರಿಗೆ ಒಂದೊಂದು" ಅಂದ. ಆ ಮಾತು ಸುಳ್ಳಲ್ಲ, ನಿಜವಾದ ಮೋನೋಬ್ಲಾಕ್ (ಒಂದೇ ಸ್ಪೀಕರಿಗೆ ಅಂತ ಮಾಡಿದ ಆಂಪ್) ಹಾಗೇ ಇರುತ್ತೆ. ಆದರೆ ಅವನು ಕೊಟ್ಟ ಎರಡು ಡಬ್ಬ ಅದಲ್ಲ. ಸ್ಪೀಕರ್ ಹಿಂದೆ 4 ಓಮ್ ಅಂತ ಬರೆದಿರುವ ಫೋಟೋನೂ ತೋರಿಸಿದ್ದೆ (ಓಮ್ ಕಡಿಮೆಯಾದಷ್ಟೂ ಆಂಪ್‌ಗೆ ಹೊರೆ ಜಾಸ್ತಿ). "ಆರಾಮಾಗಿ ನಡೆಯುತ್ತೆ" ಅಂದ. ಸ್ಪೀಕರ್ ವೈರನ್ನು ಒಂದು ಕೆಂಪು, ಒಂದು ಕಪ್ಪಿಗೆ ಅಲ್ಲ, ಎರಡು ಕೆಂಪು ಟರ್ಮಿನಲ್‌ಗೇ ಹಾಕಿ ಅಂದಾಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಸಣ್ಣಗೆ ಇಟ್ಟರೆ ಸರಿ. ಜೋರು ಮಾಡಿದರೆ ಹತ್ತೇ ನಿಮಿಷ. ಕೈ ಇಡಲಾಗದಷ್ಟು ಬಿಸಿ, ಕೆಂಪು ದೀಪ, ಶಬ್ದ ಬಂದ್. ನೆಂಟರು ಕೂತಿದ್ದಾಗಲೇ ಮೂರು ಸಲ ಹೀಗಾಯಿತು. ಫೋನ್ ಮಾಡಿದರೆ ಏನಂದ ಗೊತ್ತಾ? "ಕೊಡಗಲ್ಲಿ ಕರೆಂಟೇ ಸರಿ ಇರಲ್ಲ ಸಾರ್. ಸ್ಟೆಬಿಲೈಸರ್ ಹಾಕಿ." ಹಾಕಿದೆ. ಮತ್ತೆ 4,500 ರೂಪಾಯಿ. ಮತ್ತೆ ಅದೇ ಕೆಂಪು ದೀಪ.

ಕೊನೆಗೆ ವಿರಾಜಪೇಟೆಯಲ್ಲಿ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ಮುಚ್ಚಳ ಕೂಡ ಬಿಚ್ಚಲಿಲ್ಲ. ಹಿಂದೆ ತಿರುಗಿಸಿ, ಅಂಗಡಿಯ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿದರು. ಅಡಿಯಲ್ಲಿ ಸಣ್ಣ ಸ್ವಿಚ್. ಒಂದು ಕಡೆ ಸ್ಟೀರಿಯೋ, ಇನ್ನೊಂದು ಕಡೆ ಬ್ರಿಡ್ಜ್. ಪಕ್ಕದಲ್ಲೇ ಅಚ್ಚಾಗಿತ್ತು: ಬ್ರಿಡ್ಜ್‌ಗೆ ಕನಿಷ್ಠ 8 ಓಮ್.

"ಅಣ್ಣ, ಇದು ಸ್ಟೀರಿಯೋ ಆಂಪೇ. ಎಡ, ಬಲ ಎರಡು ಚಾನೆಲ್ ಬ್ರಿಡ್ಜ್‌ನಲ್ಲಿ ಸೇರಿಸಿ ಒಂದು ಮಾಡಿದ್ದಾರೆ. ನಿಮ್ಮ 4 ಓಮ್ ಸ್ಪೀಕರ್ ಒಂದೊಂದು ಚಾನೆಲ್‌ಗೂ 2 ಓಮ್ ಥರ ಆಗುತ್ತೆ. ಬಿಸಿಯಾಗದೆ ಇರುತ್ತಾ?"

ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. 38,000ದ ಒಂದೇ ಡಬ್ಬ ನನ್ನ ಎರಡೂ ಸ್ಪೀಕರ್ ನಡೆಸುತ್ತಿತ್ತು. ಒಂದು ಸ್ಟೀರಿಯೋ ಆಂಪ್ ಸಾಕಾಗುವ ಕಡೆ ಎರಡು ಮಾರಿದ್ದಾನೆ. ಅದೂ ಗೊತ್ತಿದ್ದು, ಸ್ಟಿಕ್ಕರ್ ಅಂಟಿಸಿ!

ಮತ್ತೆ ಫೋನ್ ಮಾಡಿದೆ. "ಬ್ರಿಡ್ಜ್ ಮಾಡಿದ್ರೂ ಮೋನೋನೇ ಅಲ್ವಾ ಸಾರ್?" ಹಾಗಾದರೆ ಸ್ಟಿಕ್ಕರ್ ಯಾಕೆ ಅಂಟಿಸಿದ್ರಿ ಅಂದೆ. "ಅದು ವಾರಂಟಿ ಸ್ಟಿಕ್ಕರ್. ನೀವೇ ಕಿತ್ತಿದ್ದೀರಿ, ಇನ್ನು ವಾರಂಟಿ ಇಲ್ಲ." ಆಮೇಲೆ ಫೋನ್ ಎತ್ತಿಲ್ಲ.

ಹಿಂದೆ ಎಡ, ಬಲ ಅಂತ ಎರಡು ಇನ್‌ಪುಟ್ ಇದ್ದರೆ ಅದು ಸ್ಟೀರಿಯೋ, ಅವರು ಏನೇ ಹೇಳಲಿ. ಸ್ಟಿಕ್ಕರ್ ಇದ್ದರೆ ಅಂಗಡಿಯಲ್ಲೇ ತೆಗೆಸಿ. ಜಾಸ್ತಿ ವ್ಯಾಟ್ ಅಂತ ಆಸೆ ಹುಟ್ಟಿಸಿದರೆ ಬೀಳಬೇಡಿ. ವ್ಯಾಟ್ ಎರಡರಷ್ಟಾದರೂ ಶಬ್ದ ಏರೋದು 3 ಡೆಸಿಬೆಲ್ ಮಾತ್ರ.

ಈಗ ಒಂದನ್ನು ಸ್ಟೀರಿಯೋಗೆ ತಿರುಗಿಸಿ ಹಾಕಿದ್ದೇನೆ. ಮೂರು ವಾರದಿಂದ ಕೆಂಪು ದೀಪ ಬಂದಿಲ್ಲ. ಇನ್ನೊಂದು ಅಟ್ಟದಲ್ಲಿದೆ. ಬಿಲ್ಲು, ಕಿತ್ತ ಸ್ಟಿಕ್ಕರ್ ಎರಡೂ ಜೋಪಾನವಾಗಿ ಇಟ್ಟಿದ್ದೇನೆ. 2019ರ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಸೋಮವಾರ ಮಡಿಕೇರಿಗೆ ಹೋಗುತ್ತಿದ್ದೇನೆ.