ಬಿಗ್ ಬ್ಯಾಂಡ್ ಎಲ್‌ಪಿಗಳಿಗೆ ಬೆಲೆ ಕಟ್ಟುವ ಮೂರು ದಾರಿಗಳು: ಒಂದು ಹೋಲಿಕೆ

ಡ್ಯೂಕ್ ಎಲಿಂಗ್ಟನ್, ಬೆನ್ನಿ ಗುಡ್‌ಮನ್, ಗ್ಲೆನ್ ಮಿಲ್ಲರ್ ಮೊದಲಾದವರ ಹಳೆಯ ಬಿಗ್ ಬ್ಯಾಂಡ್ (ದೊಡ್ಡ ಜಾಝ್ ವಾದ್ಯವೃಂದ) ಎಲ್‌ಪಿಗಳಿಗೆ ಸಂಗ್ರಾಹಕರು ಎಷ್ಟು ಕೊಡುತ್ತಾರೆ ಎಂದು ಅಂದಾಜಿಸಲು ಅಮೆರಿಕದಲ್ಲಿ ಮುಖ್ಯವಾಗಿ ಮೂರು ಆಧಾರಗಳು ಬಳಕೆಯಲ್ಲಿವೆ: ಅಚ್ಚಾದ ಬೆಲೆ ಕೈಪಿಡಿ, ರೆಕಾರ್ಡುಗಳ ಜಾಲತಾಣವಾದ ಡಿಸ್ಕಾಗ್ಸ್‌ನ ಮಾರಾಟ ದಾಖಲೆ, ಹಾಗೂ ಆನ್‌ಲೈನ್ ಮಾರಾಟ ತಾಣ ಇಬೇಯ ಹರಾಜುಗಳ ಫಲಿತಾಂಶವನ್ನು ಕೂಡಿಟ್ಟಿರುವ ಪಾಪ್‌ಸೈಕ್ ಎಂಬ ಜಾಲತಾಣ. ನನ್ನ ಬಳಿಯಿರುವ ರೆಕಾರ್ಡುಗಳನ್ನು ಈ ಮೂರರಲ್ಲೂ ಹುಡುಕಿ ತಾಳೆ ನೋಡಿದ ಮೇಲೆ, ಯಾವ ಆಧಾರ ಒಳ್ಳೆಯದು ಎಂಬುದನ್ನು ಕೈಯಲ್ಲಿರುವ ರೆಕಾರ್ಡೇ ನಿರ್ಧರಿಸುತ್ತದೆ ಎಂಬುದು ನನಗೆ ಮನದಟ್ಟಾಗಿದೆ.

ಬೆಲೆಗಿಂತ ಮೊದಲು ಸ್ಥಿತಿಯನ್ನು ಅಳೆಯಬೇಕು. ರೆಕಾರ್ಡು ಸಂಗ್ರಾಹಕರ ಗೋಲ್ಡ್‌ಮೈನ್ ಪತ್ರಿಕೆಯ ಶ್ರೇಣಿಗಳೇ ಅಲ್ಲಿನ ಪೇಟೆಯ ಸಾಮಾನ್ಯ ಭಾಷೆ. ಅದರ ಪ್ರಕಾರ ವೆರಿ ಗುಡ್ ಪ್ಲಸ್ ಪ್ರತಿಗೆ ನಿಯರ್ ಮಿಂಟ್ (ಬಹುತೇಕ ಹೊಸದರಂತಿರುವ) ಪ್ರತಿಯ ಬೆಲೆಯ ಸುಮಾರು ಅರ್ಧ, ವೆರಿ ಗುಡ್ ಪ್ರತಿಗೆ ಸುಮಾರು ಕಾಲು ಭಾಗ. ಈ ಶ್ರೇಣಿಯನ್ನು ಹೆಚ್ಚಿನವರು ದೀಪದ ಬೆಳಕಿನಲ್ಲಿ ಕಣ್ಣಿನಿಂದಲೇ ಕೊಡುತ್ತಾರೆ. ಬಿಗ್ ಬ್ಯಾಂಡ್ ರೆಕಾರ್ಡುಗಳ ಮಟ್ಟಿಗೆ ಅದು ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. 1950ರ ದಶಕದ ಭಾರವಾದ ಪಿಕಪ್‌ಗಳು (ಮುಳ್ಳನ್ನು ಹಿಡಿದ ಭಾಗಗಳು) ಗೀರು ಬೀಳಿಸದೆಯೂ ತೋಡಿನ ಗೋಡೆಗಳನ್ನು ಸವೆಸಿರುತ್ತವೆ. ಹಿತ್ತಾಳೆ ವಾದ್ಯಗಳೆಲ್ಲ ಒಟ್ಟಾಗಿ ಮೊಳಗುವ ಕಡೆ, ಅದರಲ್ಲೂ ಲೇಬಲ್‌ಗೆ ಹತ್ತಿರದ ಒಳಸುತ್ತುಗಳಲ್ಲಿ, ಆ ಸವೆತ ಕರ್ಕಶವಾಗಿ ಕೇಳಿಸುತ್ತದೆ. ಕೊಲಂಬಿಯಾ ಕಂಪನಿಯ ‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’ ಇದಕ್ಕೆ ಒಳ್ಳೆಯ ಉದಾಹರಣೆ. 1956ರ ಜುಲೈ 7ರ ಕಛೇರಿಯಲ್ಲಿ ಪಾಲ್ ಗೊನ್ಸಾಲ್ವೆಸ್ ಟೆನರ್ ಸ್ಯಾಕ್ಸೊಫೋನಿನಲ್ಲಿ 27 ಆವರ್ತನಗಳನ್ನು (ಕೃತಿಯ ಒಂದೇ ಚೌಕಟ್ಟಿನ ಸುತ್ತುಗಳನ್ನು) ನುಡಿಸಿದ ಆ ಪ್ರಸಿದ್ಧ ಕೃತಿ ಎರಡನೆಯ ಬದಿಯ ಕೊನೆಯಲ್ಲಿದೆ. ಎಲ್ಲರೂ ಮತ್ತೆ ಮತ್ತೆ ಹಾಕಿ ಕೇಳಿದ ಭಾಗವೂ ಅದೇ. ಆದ್ದರಿಂದ ಕನ್ನಡಿಯಂತೆ ಹೊಳೆಯುವ ಪ್ರತಿಯಾದರೂ ನಾನು ಮೊದಲು ಮುಳ್ಳಿಡುವುದು ಆ ಕೊನೆಯ ನಿಮಿಷಗಳ ಮೇಲೆ. ಅಲ್ಲಿ ಶುದ್ಧವಾಗಿ ನುಡಿದರೆ ಕೂದಲೆಳೆಯ ಗೀರುಗಳಿಗಾಗಿ ಶ್ರೇಣಿಯನ್ನು ಬಹಳ ಇಳಿಸಬೇಕಾಗಿಲ್ಲ.

ಇನ್ನು ಆಧಾರಗಳ ವಿಷಯ. ಕೈಪಿಡಿಯ ಬೆಲೆಗಳು ಅಚ್ಚಾಗುವ ಹೊತ್ತಿಗೇ ಹಳತಾಗಿರುತ್ತವೆ. ಅದನ್ನು ನಾನು ಕ್ಯಾಟಲಾಗ್ ಸಂಖ್ಯೆಗಳನ್ನು ಗುರುತಿಸುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಡಿಸ್ಕಾಗ್ಸ್ ಒಂದೊಂದು ಮುದ್ರಣಕ್ಕೂ (ಒಂದೇ ಎಲ್‌ಪಿಯನ್ನು ಬೇರೆ ಬೇರೆ ಸಲ ಒತ್ತಿದ ಆವೃತ್ತಿಗೂ) ಪ್ರತ್ಯೇಕ ಪುಟವಿಟ್ಟು, ಮಾರಾಟವಾದ ಪ್ರತಿಗಳ ಕನಿಷ್ಠ, ಮಧ್ಯದ (ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ) ಮತ್ತು ಗರಿಷ್ಠ ಬೆಲೆಗಳನ್ನು ತೋರಿಸುತ್ತದೆ. ಬೆನ್ನಿ ಗುಡ್‌ಮನ್ 1938ರ ಜನವರಿ 16ರಂದು ಕಾರ್ನೆಗಿ ಹಾಲ್‌ನಲ್ಲಿ ನಡೆಸಿದ ಕಛೇರಿಯ ಜೋಡಿ ಎಲ್‌ಪಿ 1950ರಲ್ಲಿ ಹೊರಬಂದು ಭಾರಿ ಸಂಖ್ಯೆಯಲ್ಲಿ ಮಾರಾಟವಾಯಿತು. ಆರ್‌ಸಿಎ ವಿಕ್ಟರ್‌ನ ಗ್ಲೆನ್ ಮಿಲ್ಲರ್ ಸಂಕಲನಗಳೂ ಹಾಗೆಯೇ. ಇಂಥ ಹೇರಳವಾಗಿ ಸಿಗುವ ರೆಕಾರ್ಡುಗಳಿಗೆ ಆ ಮಧ್ಯದ ಬೆಲೆಯಷ್ಟು ನಂಬಿಕೆಗೆ ಅರ್ಹವಾದುದು ಬೇರೊಂದಿಲ್ಲ. ಅದು ಸಾಮಾನ್ಯವಾಗಿ ಬಹಳ ಕಡಿಮೆಯಿರುತ್ತದೆ, ಮತ್ತು ತಾತನ ಸಂಗ್ರಹವನ್ನು ಮಾರಲು ಹೊರಟವರಿಗೆ ಆ ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳುವುದು ಬೆಲೆ ಕಟ್ಟುವವನ ಕರ್ತವ್ಯ.

ಆದರೆ ಮುದ್ರಣಗಳನ್ನು ಬೇರ್ಪಡಿಸುವಲ್ಲಿ ಮಾರಾಟಗಾರರ ಅಜಾಗರೂಕತೆ ಆ ಪುಟಗಳೊಳಗೂ ನುಸುಳಿರುತ್ತದೆ. ನ್ಯೂಪೋರ್ಟ್ ಎಲ್‌ಪಿಯ ಮೊದಲ ಮುದ್ರಣ ಮಾನೊ, ಅಂದರೆ ಎರಡರ ಬದಲು ಒಂದೇ ಧ್ವನಿವಾಹಿನಿಯದು. ಅದರ ಲೇಬಲ್ ಮೇಲೆ ಕಣ್ಣಿನಾಕಾರದ ಆರು ಗುರುತುಗಳಿವೆ. 1962ರ ನಂತರದ ಲೇಬಲ್‌ಗಳಲ್ಲಿ ಎರಡೇ ಕಣ್ಣು. ಮುಂದೆ ಅದನ್ನೇ ಕೃತಕವಾಗಿ ಸ್ಟೀರಿಯೊ ಮಾಡಿಯೂ ಮಾರಿದರು. ಸ್ಟೀರಿಯೊ ಎಂಬ ಅಕ್ಷರಗಳನ್ನು ಕಂಡು ಹೆಚ್ಚು ಬೆಲೆ ನಿರೀಕ್ಷಿಸುವವರಿದ್ದಾರೆ, ಸಂಗ್ರಾಹಕರು ಬಯಸುವುದು ಮಾನೊ ಪ್ರತಿಯನ್ನೇ. ಮುದ್ರಣದ ಕಾಲವನ್ನು ತಿಳಿಯಲು ಲೇಬಲ್ ಸುತ್ತಲಿನ ಖಾಲಿ ಜಾಗದಲ್ಲಿ ಕೊರೆದ 1ಎ, 1ಬಿ ಮೊದಲಾದ ಅಕ್ಷರಗಳನ್ನೂ ಓದಬೇಕು. ಆದರೆ ಕೊಲಂಬಿಯಾ ತನ್ನ ಬೇರೆ ಬೇರೆ ಕಾರ್ಖಾನೆಗಳಿಗೆ ಬೇರೆ ಬೇರೆ ಮೂಲಫಲಕಗಳನ್ನು (ರೆಕಾರ್ಡು ಒತ್ತುವ ಅಚ್ಚಿಗೆ ಮೂಲವಾದ ಫಲಕಗಳನ್ನು) ಕಳುಹಿಸುತ್ತಿದ್ದ ಕಾರಣ, 1ಎ ಎಂದ ಮಾತ್ರಕ್ಕೆ ಅದೇ ಎಲ್ಲಕ್ಕಿಂತ ಮೊದಲಿನದು ಎನ್ನುವಂತಿಲ್ಲ.

ಪಾಪ್‌ಸೈಕ್‌ನಲ್ಲಿ ಈ ಗೊಂದಲ ಕಡಿಮೆ, ಏಕೆಂದರೆ ಹರಾಜಿನ ವಿವರಣೆಯೂ ಬಹುಪಾಲು ಕಡೆ ಚಿತ್ರವೂ ಉಳಿದಿರುತ್ತವೆ. ಲೇಬಲ್ಲನ್ನು ನಾವೇ ನೋಡಿ ತೀರ್ಮಾನಿಸಬಹುದು. ದುಬಾರಿಯಾಗಿ ಹೋದ ಪ್ರತಿಗಳೇ ಅಲ್ಲಿ ಎದ್ದು ಕಾಣುವುದರಿಂದ ಸಾಮಾನ್ಯ ರೆಕಾರ್ಡಿಗೆ ಅದನ್ನು ಆಧಾರವಾಗಿಸಿದರೆ ಬೆಲೆ ಉಬ್ಬುತ್ತದೆ. ಅದರ ನಿಜವಾದ ಶಕ್ತಿ ವಿರಳ ರೆಕಾರ್ಡುಗಳಲ್ಲಿದೆ. ಜಾಝ್ ಸಂಗೀತಗಾರ ಸನ್ ರಾ ತಮ್ಮ ವಾದ್ಯವೃಂದಕ್ಕಾಗಿ ಷಿಕಾಗೋದಲ್ಲಿ 1950ರ ದಶಕದಲ್ಲಿ ಆರಂಭಿಸಿದ ಸ್ಯಾಟರ್ನ್ ಲೇಬಲ್‌ನ ಎಲ್‌ಪಿಗಳು ತೀರ ಕಡಿಮೆ ಸಂಖ್ಯೆಯಲ್ಲಿ ಒತ್ತಿದಂಥವು, ಹಲವಕ್ಕೆ ಹೊದಿಕೆಯನ್ನೂ ಕೈಯಿಂದಲೇ ಅಲಂಕರಿಸಿದ್ದಾರೆ. ಒಂದು ಪ್ರತಿಯಂತೆ ಇನ್ನೊಂದಿಲ್ಲದ ಮೇಲೆ ಮಧ್ಯದ ಬೆಲೆಗೆ ಅರ್ಥವೇ ಇಲ್ಲ. ಅಂಥವಕ್ಕೆ ನಾನು ಪಾಪ್‌ಸೈಕ್‌ನ ಇತ್ತೀಚಿನ ಹರಾಜುಗಳನ್ನು ಚಿತ್ರಸಹಿತ ಒಂದೊಂದಾಗಿ ಓದಿ, ಹೊದಿಕೆಯ ಸ್ಥಿತಿ ನನ್ನ ಪ್ರತಿಗೆ ಹತ್ತಿರವಾಗಿರುವವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು, ಒಂದೇ ಅಂಕಿಯ ಬದಲು ಕೆಳಗಿನ ಮತ್ತು ಮೇಲಿನ ಎರಡು ಮಿತಿಗಳನ್ನು ಬರೆದುಕೊಡುತ್ತೇನೆ.